ನೀಲಮಣಿ: ಬಣ್ಣ, ಗುಣ ಮತ್ತು ಮೂಲ

ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆಗೆ ಊರಿನ ಹೆಸರೇ ಬೆಲೆ ತರುತ್ತದೆ. ಆಭರಣಗಳಲ್ಲಿ ಬಳಸುವ ನೀಲಮಣಿಯ ವ್ಯಾಪಾರದಲ್ಲಿಯೂ ಹುಟ್ಟಿದ ನೆಲಕ್ಕೆ ಇಂಥದೇ ಮಹತ್ವವಿದೆ. ಆದರೆ ಬಾಳೆಯನ್ನು ರುಚಿ ನೋಡಿ ಕೊಳ್ಳಬಹುದು. ನೀಲಮಣಿಯ ಮೂಲ ಬರಿಗಣ್ಣಿಗೆ ಗೋಚರಿಸುವುದಿಲ್ಲ. ಕಲಬುರಗಿ ನಗರದ ಸರಾಫರೂ ಕಮಲಾಪುರದಂಥ ಊರುಗಳ ಅಕ್ಕಸಾಲಿಗರೂ ಈ ವ್ಯತ್ಯಾಸವನ್ನು ಅರಿತಿರುವುದು ಅವಶ್ಯ.

ನೀಲಮಣಿ ಮತ್ತು ಮಾಣಿಕ್ಯ ಒಂದೇ ಖನಿಜದ ಎರಡು ರೂಪಗಳು. ಸಾಣೆ ಹಿಡಿಯಲು ಬಳಸುವ ಕುರುಂದವೇ ಆ ಖನಿಜ. ರಾಸಾಯನಿಕವಾಗಿ ಅದು ಅಲ್ಯೂಮಿನಿಯಂ ಆಕ್ಸೈಡ್. ಅದರಲ್ಲಿ ಕಬ್ಬಿಣ ಹಾಗೂ ಟೈಟಾನಿಯಂ ಅತ್ಯಲ್ಪ ಪ್ರಮಾಣದಲ್ಲಿ ಸೇರಿದಾಗ ನೀಲವರ್ಣ ಉಂಟಾಗುತ್ತದೆ. ಮೋಸ್ ಮಾಪಕದಲ್ಲಿ ವಜ್ರದ ಗಡಸುತನ 10 ಆದರೆ ಇದರದು 9. ಆದ್ದರಿಂದಲೇ ನಿತ್ಯ ಧರಿಸುವ ಉಂಗುರಕ್ಕೆ ಇದು ಯೋಗ್ಯ. ಶನಿಗ್ರಹದ ರತ್ನವೆಂಬ ನಂಬಿಕೆಯೂ ಬೇಡಿಕೆಗೆ ಕಾರಣವಾಗಿದೆ.

ಕಪ್ಪಿಗೆ ತಿರುಗದ, ತೀರ ತಿಳಿಯೂ ಆಗದ, ಎಲ್ಲೆಡೆ ಸಮನಾಗಿ ಹರಡಿದ ನೀಲಿಗೆ ಹೆಚ್ಚಿನ ಬೆಲೆಯಿದೆ. 1880ರ ದಶಕದಲ್ಲಿ ಕಾಶ್ಮೀರದ ಪಾಡರ್ ಪ್ರದೇಶದಲ್ಲಿ ದೊರೆತ ಹರಳುಗಳು ಮಖಮಲ್ಲಿನಂಥ ಕಾಂತಿಯಿಂದ ಇಂದಿಗೂ ಪ್ರಸಿದ್ಧ. ಶ್ರೀಲಂಕಾ, ಮ್ಯಾನ್ಮಾರ್ ಹಾಗೂ ಮಡಗಾಸ್ಕರ್ ಇತರ ಮುಖ್ಯ ಮೂಲಗಳು.

ಮಾರುಕಟ್ಟೆಯ ಬಹುಪಾಲು ಹರಳುಗಳು ಬಣ್ಣ ಸುಧಾರಣೆಗಾಗಿ ಕಾಯಿಸಿದವು. ಇದು ವ್ಯಾಪಾರದಲ್ಲಿ ಅಂಗೀಕೃತ ಕ್ರಮವೇ ಆದರೂ ಗ್ರಾಹಕರಿಗೆ ತಿಳಿಸುವುದು ಕರ್ತವ್ಯ. ಕಾಯಿಸದ ಉತ್ತಮ ಹರಳಿನ ಬೆಲೆಯೇ ಬೇರೆ. ಫ್ರಾನ್ಸಿನ ವರ್ನೂಯಿ 1902ರಲ್ಲಿ ಪ್ರಕಟಿಸಿದ ವಿಧಾನದಿಂದ ಕೃತಕ ಕುರುಂದದ ತಯಾರಿಕೆ ಸುಲಭವಾಯಿತು. ಕೃತಕ ಹರಳಿನ ಗಡಸುತನವೂ 9 ಆಗಿರುವುದರಿಂದ ಗೀರಿ ನೋಡುವ ಪರೀಕ್ಷೆ ನಿಷ್ಪ್ರಯೋಜಕ. ಈ ವಿಧಾನದ ಹರಳಿನೊಳಗೆ ಬಾಗಿದ ಗೆರೆಗಳು ಅಥವಾ ಗಾಳಿಗುಳ್ಳೆಗಳು ಭೂತಗನ್ನಡಿಯಲ್ಲಿ ಕಾಣಬಹುದು. ಕಾಣದಿದ್ದ ಮಾತ್ರಕ್ಕೆ ಹರಳು ನೈಸರ್ಗಿಕವೆನ್ನಲಾಗದು. ಟಾಂಜನೈಟ್ ಮತ್ತು ನೀಲಿ ಗಾಜು ನೋಟಕ್ಕೆ ಹೋಲುತ್ತವೆಯಾದರೂ ಮೃದುವಾದವು.

ತಯಾರಕರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಬೆಸುಗೆಯ ಕಾವಿನಲ್ಲಿ ಬಿಳಿಗಾರವು ನೀಲಮಣಿಯ ಮೇಲ್ಮೈಯನ್ನು ಕೊರೆಯಬಲ್ಲದು. ಆದಕಾರಣ ದುರಸ್ತಿಗೆ ಮುನ್ನ ಹರಳನ್ನು ಬಿಡಿಸಿಡುವುದು ಕ್ಷೇಮ.

ಹಾಲ್‌ಮಾರ್ಕ್ ಮುದ್ರೆಯು ಚಿನ್ನದ ಶುದ್ಧತೆಗೆ ಮಾತ್ರ ಸಾಕ್ಷಿ, ಹರಳಿಗಲ್ಲ. ಆದ್ದರಿಂದ ಬಿಲ್ಲಿನಲ್ಲಿ ಹರಳಿನ ಕ್ಯಾರೆಟ್ ತೂಕ, ನೈಸರ್ಗಿಕವೋ ಕೃತಕವೋ, ಕಾಯಿಸಿದ್ದೋ ಅಲ್ಲವೋ ಎಂಬುದನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಬೆಲೆಬಾಳುವ ಹರಳನ್ನು ಜೈಪುರ ಅಥವಾ ಮುಂಬಯಿಯ ರತ್ನಪರೀಕ್ಷಾ ಪ್ರಯೋಗಾಲಯಕ್ಕೆ ಕಳುಹಿಸುವುದು ಲೇಸು. ಪ್ರಯೋಗಾಲಯದ ವರದಿಯಿಲ್ಲದೆ ‘ಕಾಶ್ಮೀರಿ’, ‘ಸಿಲೋನ್’ ಎಂದು ಬರೆದುಕೊಟ್ಟ ಬಿಲ್ಲು ಮುಂದೊಮ್ಮೆ ವರ್ತಕನ ವಿರುದ್ಧವೇ ದಾಖಲೆಯಾದೀತು.