ಕೈಗವಸಿನೊಳಗಿನ ಬೆರಳು

ಕುಮಾರಪರ್ವತದ ಚಾರಣಕ್ಕೂ ಎನ್.ಸಿ.ಸಿ. ಶಿಬಿರದಲ್ಲಿ ಗುಂಡು ಹಾರಿಸುವ ಅಭ್ಯಾಸಕ್ಕೂ ಒಂದೇ ಜೊತೆ ಕೈಗವಸು ಸಾಲದೆ ಎಂದು ನಮ್ಮ ವಿದ್ಯಾರ್ಥಿಯೊಬ್ಬನು ಈಚೆಗೆ ಪ್ರಯೋಗಶಾಲೆಗೆ ಬಂದು ಕೇಳಿದನು. ಅವನು ಹಂಪನಕಟ್ಟೆಯ ಕಡೆ ಕೊಂಡು ತಂದಿದ್ದುದು 'ಟ್ಯಾಕ್ಟಿಕಲ್ ಗ್ಲೌಸ್' ಎಂಬ ಹೆಸರಿನ ಕಪ್ಪು ಬಣ್ಣದ ದಪ್ಪ ಜೊತೆ. ಬೆರಳ ಗೆಣ್ಣುಗಳ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚ, ಅಂಗೈಗೆ ಕೃತಕ ಚರ್ಮ, ಮಣಿಕಟ್ಟಿಗೆ ವೆಲ್ಕ್ರೋ ಪಟ್ಟಿ. ನೋಡಿದರೆ ಯುದ್ಧಕ್ಕೇ ಹೊರಟಂತಿತ್ತು. ಅದನ್ನು ತೊಟ್ಟು ಮೇಜಿನ ಮೇಲಿರುವ ಒಂದು ರೂಪಾಯಿಯ ನಾಣ್ಯವನ್ನು ಎತ್ತಿಕೊಡು ಎಂದೆವು. ಮೂರು ಸಲ ಜಾರಿತು. ನಾಲ್ಕನೆಯ ಸಲ ಅವನು ನಾಣ್ಯವನ್ನು ಮೇಜಿನ ಅಂಚಿಗೆ ತಳ್ಳಿ, ಕೆಳಗೆ ಬೊಗಸೆಯೊಡ್ಡಿ ಹಿಡಿದುಕೊಂಡನು. ನಾವಿಬ್ಬರೂ ನಕ್ಕೆವು. ಆದರೆ ಅದೇ ಬೆರಳು ರೈಫಲಿನ ಟ್ರಿಗರಿನ ಮೇಲಿದ್ದರೆ ನಗುವ ಮಾತಲ್ಲ.

ಬೆರಳ ತುದಿಯು ನಮ್ಮ ದೇಹದ ಅತ್ಯಂತ ಸೂಕ್ಷ್ಮವಾದ ಸ್ಪರ್ಶ ಸಾಧನಗಳಲ್ಲಿ ಒಂದು. ಎರಡು ಮೊನೆಗಳನ್ನು ಎರಡು ಮೂರು ಮಿಲಿಮೀಟರುಗಳಷ್ಟು ಹತ್ತಿರವಿಟ್ಟು ಚುಚ್ಚಿದರೂ ಅವು ಎರಡೆಂದು ಅದು ಹೇಳಬಲ್ಲುದು. ಅಂಗೈಗೆ ಸುಮಾರು ಒಂದು ಸೆಂಟಿಮೀಟರಿನ ಅಂತರ ಬೇಕಾಗುತ್ತದೆ. ನಾವು ಒಂದು ಲೋಟವನ್ನು ಹಿಡಿದಾಗ ಅದು ಜಾರದಿರಲು ಬೇಕಾದುದಕ್ಕಿಂತ ಸ್ವಲ್ಪವೇ ಹೆಚ್ಚು ಬಲವನ್ನು ಬೆರಳುಗಳು ಪ್ರಯೋಗಿಸುತ್ತವೆ. ಈ ಲೆಕ್ಕಾಚಾರವೆಲ್ಲ ಚರ್ಮದ ನರಗಳು ಕಳುಹಿಸುವ ಸುದ್ದಿಯಿಂದಲೇ ನಡೆಯುವುದು. ಸುದ್ದಿ ಮಂಕಾದರೆ ಕೈ ಅಂಜಿದಂತಾಗಿ ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ದಪ್ಪ ಕೈಗವಸು ತೊಟ್ಟು ಅರ್ಧ ಗಂಟೆ ಕೆಲಸ ಮಾಡಿದವನ ಮುಂಗೈ ನೋಯುವುದಕ್ಕೆ ಇದೂ ಒಂದು ಕಾರಣ. ಕೈಯನ್ನು ಕಾಯುವ ಪದರವೇ ಬೆರಳನ್ನು ಕುರುಡಾಗಿಸುವುದು. ಕೈಗವಸಿನ ಪರೀಕ್ಷೆಯೆಂದರೆ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು.

ಟ್ರಿಗರಿನ ವಿಷಯವನ್ನೇ ನೋಡೋಣ. ಹತ್ತು ಮೀಟರಿನ ಏರ್ ಪಿಸ್ತೂಲಿನ ಸ್ಪರ್ಧೆಯಲ್ಲಿ ಟ್ರಿಗರಿನ ಎಳೆತವು ಕನಿಷ್ಠ ೫೦೦ ಗ್ರಾಂ ಇರಬೇಕೆಂದು ನಿಯಮವಿದೆ. ಆ ೫೦೦ ಗ್ರಾಮನ್ನು ಬೆರಳು ಸ್ವಲ್ಪ ಸ್ವಲ್ಪವಾಗಿ, ಆಯುಧವನ್ನು ಅಲುಗಿಸದೆ, ಏರಿಸುತ್ತ ಹೋಗಬೇಕು. ಒಂದು ಮೀಟರು ಉದ್ದದ ರೈಫಲಿನ ತುದಿಯು ಒಂದೇ ಮಿಲಿಮೀಟರು ವಾಲಿದರೂ ೨೫ ಮೀಟರು ದೂರದ ಗುರಿಯಲ್ಲಿ ಗುಂಡು ೨೫ ಮಿಲಿಮೀಟರು ಆಚೆಗೆ ಬೀಳುವುದೆಂದು ಸದೃಶ ತ್ರಿಕೋನಗಳನ್ನು ಬಲ್ಲ ಯಾರಾದರೂ ಹೇಳಿಯಾರು. ಗುರಿ ತಪ್ಪಿದರೆ ಅಂಕ ಹೋಗುತ್ತದೆ, ಅಷ್ಟೆ. ದಪ್ಪ ಬೆರಳುಗವಸು ಟ್ರಿಗರಿನ ಸುತ್ತಲ ಕಾಪು ಬಳೆಯೊಳಗೆ ತುರುಕಿಕೊಂಡು, ತಾನು ಒತ್ತುತ್ತಿರುವೆನೆಂಬುದೇ ಬೆರಳಿಗೆ ತಿಳಿಯದೆ ಗುಂಡು ಹಾರಿದರೆ ಹೋಗುವುದು ಅಂಕವಲ್ಲ.

ಆದುದರಿಂದಲೇ ಸ್ಪರ್ಧೆಯ ರೈಫಲುಗಾರರು ಕೈಗವಸು ತೊಡುವುದು ಆಯುಧವನ್ನು ಹೊರುವ ಕೈಗೆ, ಬಲಗೈಯವನಾದರೆ ಎಡಗೈಗೆ. ಅದರ ದಪ್ಪವೂ, ಮುಂಬದಿ ಹಿಂಬದಿಗಳೆರಡೂ ಸೇರಿ, ೧೨ ಮಿಲಿಮೀಟರನ್ನು ಮೀರಬಾರದೆಂದು ಅಂತರರಾಷ್ಟ್ರೀಯ ನಿಯಮ. ನಮ್ಮ ನೆರೆಯ ಕೊಡಗಿನಲ್ಲಿ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಂದು ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವವರು ಬರಿಗೈಯಲ್ಲೇ ಕೋವಿ ಹಿಡಿಯುತ್ತಾರೆ.

ಕೋವಿಯ ಒದೆತದಿಂದ ಕೈಯನ್ನು ಕಾಪಾಡಲು ಕೈಗವಸು ಬೇಕಲ್ಲವೆ ಎಂದು ಆ ವಿದ್ಯಾರ್ಥಿಯು ಕೇಳಿದನು. ಲೆಕ್ಕ ಮಾಡಿ ನೋಡೆಂದೆವು. ೦.೨೨ ಅಂಗುಲದ ರೈಫಲಿನ ಗುಂಡು ಸುಮಾರು ೨.೬ ಗ್ರಾಂ ತೂಗುತ್ತದೆ. ವೇಗ ಸೆಕೆಂಡಿಗೆ ಸುಮಾರು ೩೩೦ ಮೀಟರು. ರೈಫಲಿನ ತೂಕ ೪ ಕಿಲೋಗ್ರಾಂ ಎಂದಿಟ್ಟುಕೊಂಡರೆ, ಸಂವೇಗದ ಸಂರಕ್ಷಣೆಯ ನಿಯಮದಂತೆ ಅದು ಹಿಂದಕ್ಕೆ ಬರುವ ವೇಗ ಸೆಕೆಂಡಿಗೆ ೨೧ ಸೆಂಟಿಮೀಟರು ಮಾತ್ರ. ಹನ್ನೆರಡು ಬೋರಿನ ಕೋವಿಯು ೩೨ ಗ್ರಾಂ ಚರೆಯನ್ನು ಸೆಕೆಂಡಿಗೆ ೩೮೦ ಮೀಟರಿನಂತೆ ಎಸೆಯುವುದಾದರೆ, ೩ ಕಿಲೋಗ್ರಾಮಿನ ಆ ಕೋವಿ ಸೆಕೆಂಡಿಗೆ ನಾಲ್ಕು ಮೀಟರಿನಂತೆ ಒದೆಯುತ್ತದೆ. ಶಕ್ತಿಯ ಲೆಕ್ಕದಲ್ಲಿ ಇದು ಮೊದಲನೆಯದರ ೨೫೦ ಪಾಲಿಗೂ ಹೆಚ್ಚು. ಆದರೆ ಅದನ್ನು ತಾಳುವುದು ಭುಜ, ಅಂಗೈಯಲ್ಲ. ಗೆಣ್ಣಿನ ಮೇಲಿನ ಪ್ಲಾಸ್ಟಿಕ್ ಕವಚಕ್ಕಂತೂ ಗುಂಡಿನ ಅಭ್ಯಾಸದಲ್ಲಿ ಯಾವ ಕೆಲಸವೂ ಇಲ್ಲ. ಬಂಡೆಗೆ ಕೈ ಬಡಿಯುವಲ್ಲಿ ಅದು ಉಪಯೋಗಕ್ಕೆ ಬಂದೀತು.

ಇನ್ನು ಮಂಗಳೂರಿನದೇ ಆದ ತೊಂದರೆ, ಬೆವರು. ಚಳಿದೇಶಗಳಲ್ಲಿ ರೂಪಿಸಿದ ಕೈಗವಸು ನಮ್ಮ ಕರಾವಳಿಯಲ್ಲಿ ಏಕೆ ಸೋಲುತ್ತದೆಂಬುದನ್ನು ಆವಿಯ ಒತ್ತಡದಿಂದ ತಿಳಿಯಬಹುದು. ಕೈಯ ಚರ್ಮ ೩೩ ಡಿಗ್ರಿ ಸೆಂಟಿಗ್ರೇಡಿನಲ್ಲಿದ್ದರೆ ಅದರ ಮೇಲಣ ಬೆವರಿನ ಸಂತೃಪ್ತ ಆವಿಯ ಒತ್ತಡ ಪಾದರಸದ ಸುಮಾರು ೩೮ ಮಿಲಿಮೀಟರು. ಹೊರಗಿನ ಗಾಳಿ ೩೦ ಡಿಗ್ರಿಯಲ್ಲಿದ್ದು ಆರ್ದ್ರತೆ ಶೇಕಡ ೮೦ ಆಗಿದ್ದರೆ ಅದರಲ್ಲಿರುವ ಆವಿಯ ಒತ್ತಡ ಸುಮಾರು ೨೫. ಬೆವರನ್ನು ಆರಿಸುವುದಕ್ಕೆ ಉಳಿದದ್ದು ೧೩ ಮಿಲಿಮೀಟರಿನ ವ್ಯತ್ಯಾಸ. ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ಗಾಳಿ ೨೮ ಡಿಗ್ರಿಯಲ್ಲಿದ್ದು ಆರ್ದ್ರತೆ ಶೇಕಡ ೪೦ ಇರುವ ದಿನ ಈ ವ್ಯತ್ಯಾಸ ೨೭ರಷ್ಟಾಗುತ್ತದೆ. ಅಲ್ಲಿ ಆರುವ ಕೈಗವಸು ಇಲ್ಲಿ ಒದ್ದೆಯಾಗಿಯೇ ಉಳಿಯುತ್ತದೆ. ಅದರ ಮೇಲೆ ಅಂಗೈಯ ಬೆವರಗ್ರಂಥಿಗಳು ಸೆಕೆಗಿಂತಲೂ ಮನಸ್ಸಿನ ಉದ್ವೇಗಕ್ಕೆ ಬೇಗನೆ ಸ್ಪಂದಿಸುವಂಥವು. ಪರೀಕ್ಷೆಯ ಕೊಠಡಿಯಲ್ಲಿ ಉತ್ತರಪತ್ರಿಕೆ ಒದ್ದೆಯಾದುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚರ್ಮದ ಕೈಗವಸಾದರೆ ಮಳೆಗಾಲದಲ್ಲಿ ಕಪಾಟಿನೊಳಗಿನ ಬೆಲ್ಟು, ಬೂಟುಗಳ ಗತಿಯೇ ಅದಕ್ಕೂ: ವಾರದಲ್ಲಿ ಬೂಷ್ಟು.

ಈ ಒದ್ದೆಯು ಹಿಡಿತವನ್ನು ಎಷ್ಟು ಕೆಡಿಸುವುದೆಂದು ಮನೆಯಲ್ಲೇ ಅಳೆಯಬಹುದು. ನುಣುಪಾದ ಹಲಗೆಯೊಂದರ ಮೇಲೆ ಕೈಗವಸನ್ನು ಅಂಗೈ ಕೆಳಗಾಗಿ ಇಟ್ಟು, ಮೇಲೊಂದು ಪುಸ್ತಕವನ್ನು ಹೇರಿ ದಾರದಿಂದ ಕಟ್ಟಿರಿ. ಹಲಗೆಯನ್ನು ಒಂದು ಬದಿಯಿಂದ ನಿಧಾನವಾಗಿ ಎತ್ತುತ್ತ, ಅದು ಜಾರತೊಡಗುವ ಕೋನವನ್ನು ಗುರುತಿಸಿರಿ. ಆ ಕೋನದ ಟ್ಯಾಂಜೆಂಟೇ ಘರ್ಷಣಾಂಕ. ೩೦ ಡಿಗ್ರಿಯಲ್ಲಿ ಜಾರಿದರೆ ೦.೫೮; ನೀರು ಚಿಮುಕಿಸಿದ ಮೇಲೆ ೨೦ ಡಿಗ್ರಿಯಲ್ಲೇ ಜಾರಿದರೆ ೦.೩೬. ಒಣಗಿದ್ದಾಗ ಬಂದ ಅಂಕಿಯನ್ನು ನೋಡಿ ಹಿಗ್ಗಬಾರದು. ಕುಮಾರಪರ್ವತದ ೧,೭೧೨ ಮೀಟರನ್ನು ಹತ್ತುವಾಗ ಒಣ ಬಂಡೆಯೇ ಸಿಗುವುದೆಂದು ಯಾರು ಹೇಳಬಲ್ಲರು?

ಕೆಲವು ಕೈಗವಸುಗಳ ಬೆನ್ನಿನ ಮೇಲೆ ಸುತ್ತಿಗೆಯ ಚಿತ್ರ, ಕೆಳಗೆ ನಾಲ್ಕು ಅಂಕಿಗಳು ಮತ್ತು ಅಕ್ಷರಗಳು ಅಚ್ಚಾಗಿರುತ್ತವೆ. ಇದು ಇ.ಎನ್. ೩೮೮ ಎಂಬ ಐರೋಪ್ಯ ಮಾನಕ. ಅಂಕಿಗಳು ಕ್ರಮವಾಗಿ ಸವೆತ, ಕೊಯ್ತ, ಹರಿತ ಮತ್ತು ಚುಚ್ಚುವಿಕೆಗಳನ್ನು ಕೈಗವಸು ಎಷ್ಟು ತಾಳುವುದೆಂಬುದನ್ನು ಸೂಚಿಸುತ್ತವೆ. ಅಕ್ಷರಗಳು ೨೦೧೬ರಲ್ಲಿ ಸೇರಿದುವು. ಚುಚ್ಚುವಿಕೆಗೆ ೪ ಇದ್ದರೆ ೧೫೦ ನ್ಯೂಟನ್ ಬಲವನ್ನು ತಾಳಿದೆಯೆಂದು ಅರ್ಥ. ಹಾಗಾದರೆ ನಮ್ಮ ಘಟ್ಟದ ಕಾಡಿನ ಬೆತ್ತದ ಮುಳ್ಳಿಗೆ ಹೆದರಬೇಕಾಗಿಲ್ಲವೆ? ಹೆದರಬೇಕು. ಪರೀಕ್ಷೆಯಲ್ಲಿ ಬಳಸುವುದು ಮೊಂಡು ತುದಿಯ ೪.೫ ಮಿಲಿಮೀಟರು ದಪ್ಪದ ಉಕ್ಕಿನ ಕಡ್ಡಿ. ಒತ್ತಡವೆಂದರೆ ಬಲವನ್ನು ಕ್ಷೇತ್ರಫಲದಿಂದ ಭಾಗಿಸಿದುದಾಗಿರುವುದರಿಂದ, ಸೂಜಿಯಂತಹ ಮುಳ್ಳಿಗೆ ಅದರ ಅತ್ಯಲ್ಪ ಪಾಲಿನ ಬಲವೇ ಸಾಕು. ಬೆರಳಿನ ಚುರುಕಿಗೆ ಬೇರೊಂದು ಪರೀಕ್ಷೆಯಿದೆ: ಕೈಗವಸು ತೊಟ್ಟು ಸಣ್ಣ ಉಕ್ಕಿನ ಕಡ್ಡಿಯನ್ನು ಮೂವತ್ತು ಸೆಕೆಂಡುಗಳಲ್ಲಿ ಮೂರು ಬಾರಿ ಎತ್ತಬೇಕು. ೫ ಮಿಲಿಮೀಟರು ದಪ್ಪದ ಕಡ್ಡಿಯನ್ನು ಎತ್ತಿದರೆ ಪೂರ್ಣ ೫ ಅಂಕ, ೧೧ ಮಿಲಿಮೀಟರಿನದನ್ನು ಮಾತ್ರ ಎತ್ತಬಲ್ಲುದಾದರೆ ಒಂದು. ಬೆವರಿಗೆ ಮಾತ್ರ ಸುತ್ತಿಗೆಯ ಕೆಳಗಿನ ಆ ಸಾಲಿನಲ್ಲಿ ಸ್ಥಳವಿಲ್ಲ.

ಟ್ರಿಗರಿನ ಬೆರಳನ್ನು ಬಂದೂಕಿಲ್ಲದೆಯೇ ಪರೀಕ್ಷಿಸಲು ನಾವು ಆ ವಿದ್ಯಾರ್ಥಿಗೆ ಸ್ಪ್ರಿಂಗ್ ತಕ್ಕಡಿಯೊಂದನ್ನು ಕೊಟ್ಟೆವು. ಕಣ್ಣು ಮುಚ್ಚಿ ತೋರುಬೆರಳಿನಿಂದ ಕೊಂಡಿಯನ್ನು ೫೦೦ ಗ್ರಾಂ ಎಂದು ತೋರುವವರೆಗೆ ಎಳೆಯುವುದು, ಗೆಳೆಯನೊಬ್ಬನು ಅಂಕಿಯನ್ನು ಬರೆದುಕೊಳ್ಳುವುದು. ಹತ್ತು ಬಾರಿ ಬರಿಬೆರಳಿನಲ್ಲಿ, ಹತ್ತು ಬಾರಿ ಕೈಗವಸಿನಲ್ಲಿ. ನೋಡಬೇಕಾದುದು ಸರಾಸರಿಯನ್ನಲ್ಲ, ಅಂಕಿಗಳ ಚೆದರಿಕೆಯನ್ನು. ಅವನ ಎರಡು ಪಟ್ಟಿಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದಾಗ ಯಾವುದು ಯಾವುದರದೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ಶಿಬಿರಕ್ಕೆ ಅವನು ಬರಿಗೈಯಲ್ಲಿ ಹೋದನು. ಚಾರಣಕ್ಕೆ ಆರಿಸಿಕೊಂಡದ್ದು ಅಂಗೈಗೆ ಮಾತ್ರ ರಬ್ಬರು ಲೇಪಿಸಿ, ಬೆನ್ನಿನ ಬದಿಯನ್ನು ಗಾಳಿಯಾಡುವಂತೆ ಹೆಣೆದ ಅಗ್ಗದ ಜೊತೆಯನ್ನು. ಕಪ್ಪು ಜೊತೆಯನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನ ಅಣ್ಣ ಅದನ್ನು ಮೋಟಾರುಬೈಕು ಓಡಿಸುವಾಗ ತೊಡುತ್ತಾನೆ.