ಮಾಲೀಕರ ಸಂಘ: ಹೊರೆಯೋ, ನೆರೆಯೋ?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಧರ್ಮಕೇಂದ್ರಕ್ಕೆ ಸೇರಿದ ವೃದ್ಧ ತಾಯಿಯೊಬ್ಬರು ಬಹುಮಹಡಿ ವಸತಿ ಸಮುಚ್ಚಯವೊಂದರ ನಾಲ್ಕನೆಯ ಅಂತಸ್ತಿನಲ್ಲಿ ವಾಸವಾಗಿದ್ದರು. ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಗಲ್ಫ್ ನಾಡಿನಲ್ಲಿದ್ದ ಮಕ್ಕಳಿಬ್ಬರೂ ಬಂದು ಸೇರಿದ ಬಳಿಕ ಅಂತ್ಯಕ್ರಿಯೆ ನಡೆಸುವುದೆಂದು ನಿಶ್ಚಯವಾಯಿತು. ಇಗರ್ಜಿಗೆ ಒಯ್ಯುವ ಮುನ್ನ ಪಾರ್ಥಿವ ಶರೀರವನ್ನು ಮನೆಗೆ ತಂದು ಪ್ರಾರ್ಥಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆದರೆ ಶವಪೆಟ್ಟಿಗೆ ಲಿಫ್ಟಿನಲ್ಲಿ ಹಿಡಿಸದು. ಮೆಟ್ಟಿಲುಗಳ ತಿರುವು ಇಕ್ಕಟ್ಟು. ಆದ್ದರಿಂದ ನೆಲ ಅಂತಸ್ತಿನ ಸಭಾಂಗಣದಲ್ಲಿ ಎರಡು ಗಂಟೆಗಳ ಕಾಲ ಇರಿಸಲು ಕುಟುಂಬದವರು ಅನುಮತಿ ಕೇಳಿದರು. ಮಾಲೀಕರ ಸಂಘದ ಕಾರ್ಯದರ್ಶಿಗಳು ನಿಯಮಗಳ ಪುಸ್ತಕವನ್ನು ತೆರೆದು ತೋರಿಸಿದರು. ಸಭಾಂಗಣವು ಶುಭಕಾರ್ಯಗಳಿಗೆ ಮಾತ್ರ ಎಂದು ಅದರಲ್ಲಿ ಬರೆದಿತ್ತು.

ನೆರೆದಿದ್ದ ನಮ್ಮವರು ಸಿಟ್ಟಿಗೆದ್ದರು. ‘ನಾವು ಕ್ರೈಸ್ತರೆಂದೇ ಹೀಗೆ ಮಾಡುತ್ತಿದ್ದಾರೆ, ಫಾದರ್’ ಎಂದು ನನ್ನ ಕಿವಿಯಲ್ಲಿ ಉಸುರಿದವರೂ ಉಂಟು. ಅಷ್ಟರಲ್ಲಿ ಎರಡನೆಯ ಅಂತಸ್ತಿನ ನಿವೃತ್ತ ಅಧ್ಯಾಪಕರೊಬ್ಬರು, ಹಿಂದೂ ಬಾಂಧವರು, ಕೆಳಗಿಳಿದು ಬಂದರು. ತಮ್ಮ ತಂದೆ ತೀರಿಕೊಂಡಾಗಲೂ ಇದೇ ನಿಯಮ ಅಡ್ಡಬಂದು, ಶರೀರವನ್ನು ಕಾರು ನಿಲ್ಲಿಸುವ ಜಾಗದಲ್ಲಿ ಇರಿಸಬೇಕಾಯಿತೆಂದು ತಿಳಿಸಿದರು. ‘ಅಂದು ಸುಮ್ಮನಿದ್ದೆ, ಇಂದು ಸುಮ್ಮನಿರಲಾರೆ’ ಎಂದವರೇ ಸಮಿತಿಯ ಸದಸ್ಯರಿಗೆ ಒಬ್ಬೊಬ್ಬರಿಗಾಗಿ ಫೋನು ಮಾಡಿದರು. ಅರ್ಧ ಗಂಟೆಯೊಳಗೆ ಸಭಾಂಗಣದ ಬೀಗ ತೆರೆಯಿತು. ಕಾರ್ಯದರ್ಶಿಗಳೇ ಮುಂದೆ ನಿಂತು ಕುರ್ಚಿಗಳನ್ನು ಹಾಕಿಸಿದರು.

ತಿಂಗಳ ಸ್ಮರಣೆಯ ಪೂಜೆ ಮುಗಿದ ಮೇಲೆ ನಾನು ಆ ನಿಯಮದ ಮೂಲವನ್ನು ವಿಚಾರಿಸಿದೆ. ಐದು ವರ್ಷಗಳ ಹಿಂದಿನ ವಾರ್ಷಿಕ ಮಹಾಸಭೆಯಲ್ಲಿ ಅದು ಅಂಗೀಕಾರವಾಗಿತ್ತು. ಸಭೆಯ ಸೂಚನೆ ಹದಿನೈದು ದಿನ ಫಲಕದ ಮೇಲಿತ್ತು. ಆ ಕಟ್ಟಡದಲ್ಲಿದ್ದ ಹನ್ನೊಂದು ಕಥೋಲಿಕ ಕುಟುಂಬಗಳಲ್ಲಿ ಒಂದಾದರೂ ಸಭೆಗೆ ಹೋಗಿರಲಿಲ್ಲ. ಭಾನುವಾರ ಬೆಳಿಗ್ಗೆ ಪೂಜೆಯ ವೇಳೆಗೇ ಸಭೆ ಇತ್ತೆಂಬುದು ಅವರು ಕೊಟ್ಟ ಕಾರಣ. ಸಮಯವನ್ನು ಬದಲಿಸಿರೆಂದು ಕೇಳಿಕೊಂಡವರು ಯಾರಾದರೂ ಇದ್ದರೇ? ಯಾರೂ ಇರಲಿಲ್ಲ. ನಮ್ಮ ಗೈರುಹಾಜರಿಯಲ್ಲಿ ಹುಟ್ಟಿದ ನಿಯಮವನ್ನು ನಮ್ಮ ವಿರುದ್ಧವೇ ಹುಟ್ಟಿದ ನಿಯಮವೆಂದು ಭಾವಿಸಿ ನಾವು ನೊಂದುಕೊಂಡಿದ್ದೆವು. ಈ ಲೇಖನಕ್ಕೆ ಆ ಘಟನೆಯೇ ಪ್ರೇರಣೆ.

ಹಿತ್ತಿಲಿನಿಂದ ಅಂತಸ್ತಿಗೆ

ಒಂದು ತಲೆಮಾರಿನ ಹಿಂದೆ ಕರಾವಳಿಯ ನಮ್ಮ ಕುಟುಂಬಗಳಿಗೆ ಮನೆಯೆಂದರೆ ಹಂಚಿನ ಮಾಡು, ಅಂಗಳ, ಬಾವಿ, ಹಿತ್ತಿಲಿನ ತೆಂಗು-ಹಲಸು. ಬೇಲಿಯ ವಿಷಯದಲ್ಲಿ ನೆರೆಯವರೊಂದಿಗೆ ಜಗಳವಿರಬಹುದು, ಬೇಲಿಯೊಳಗೆ ಮಾತ್ರ ನಾವೇ ಒಡೆಯರು. ಇಂದು ಮಕ್ಕಳು ದೂರದೂರಿಗೆ ಹೋಗಿದ್ದಾರೆ; ತೆಂಗಿನ ಮರ ಹತ್ತುವವರಿಲ್ಲ; ವಿಶಾಲವಾದ ಮನೆಯಲ್ಲಿ ರಾತ್ರಿ ಒಂಟಿಯಾಗಿರಲು ಹಿರಿಯರಿಗೆ ಭಯ. ಹಿತ್ತಿಲನ್ನು ಮಾರಿ, ಅಥವಾ ಅದೇ ಜಾಗದಲ್ಲಿ ಬಿಲ್ಡರಿಂದ ಕಟ್ಟಡ ಎಬ್ಬಿಸಿ, ಫ್ಲ್ಯಾಟಿಗೆ ಸೇರಿದ ಕುಟುಂಬಗಳು ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಕಾಣಸಿಗುತ್ತವೆ. ಬಾಗಿಲಿನ ಆಚೆಗೆ ಕಾಲಿಟ್ಟ ಕೂಡಲೇ ಎಲ್ಲವೂ ಹಂಚಿಕೊಳ್ಳಬೇಕಾದ ವಸ್ತುವೇ. ಇದು ನಮಗೆ ಹೊಸತು, ಹೊಸತಾದುದರಿಂದಲೇ ಕಷ್ಟ.

ದೇಶಕ್ಕೆ ಮಾತ್ರ ಇದು ಹೊಸತಲ್ಲ. ಮುಂಬಯಿಯ ಗಾಮ್‌ದೇವಿಯಲ್ಲಿ 1915ರಲ್ಲಿಯೇ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಸ್ಥಾಪನೆಯಾಯಿತು. ಭಾರತದ ಸಹಕಾರಿ ವಸತಿ ಚಳವಳಿಗೆ ನಾಂದಿ ಹಾಡಿದ ಆ ಸಂಘದ ರೂವಾರಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಉತ್ತರ ಕನ್ನಡ ಮೂಲದವರು. ಮೂರು ವರ್ಷಗಳ ತರುವಾಯ, 1918ರಲ್ಲಿ, ಬಾಂದ್ರಾದಲ್ಲಿ ಸಾಲ್ಸೆಟ್ ಕಥೋಲಿಕ ಸಹಕಾರಿ ಗೃಹನಿರ್ಮಾಣ ಸಂಘ ಅಸ್ತಿತ್ವಕ್ಕೆ ಬಂದಿತು. ಸಂಘ ಕಟ್ಟಿ ಸೂರು ಕಟ್ಟುವ ವಿದ್ಯೆ ನಮ್ಮ ಸಮುದಾಯಕ್ಕೂ ನೂರು ವರ್ಷಗಳಿಂದ ಪರಿಚಿತವಾದುದೇ ಆಗಿದೆ.

ಕೊಂಡದ್ದು ಏನನ್ನು?

ಫ್ಲ್ಯಾಟ್ ಕೊಳ್ಳುವವರು ವಾಸ್ತವವಾಗಿ ಎರಡನ್ನು ಕೊಳ್ಳುತ್ತಾರೆ. ಮೊದಲನೆಯದು ತಮ್ಮ ಬಾಗಿಲೊಳಗಿನ ಮನೆ. ಎರಡನೆಯದು ನೆಲ, ಮೆಟ್ಟಿಲು, ಲಿಫ್ಟ್, ತಾರಸಿ, ನೀರಿನ ತೊಟ್ಟಿ ಮುಂತಾದವುಗಳಲ್ಲಿ ಅವಿಭಜಿತ ಪಾಲು. ಕರ್ನಾಟಕದಲ್ಲಿ 1972ರಲ್ಲಿ ರೂಪುಗೊಂಡ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮವು ಈ ತತ್ತ್ವವನ್ನೇ ಬುನಾದಿಯಾಗಿ ಇರಿಸಿಕೊಂಡಿತು. ಈ ಎರಡನೆಯ ಪಾಲನ್ನು ಒಡೆದು ಹಂಚಿಕೊಳ್ಳುವಂತಿಲ್ಲ. ಮನೆಯಿಂದ ಬೇರ್ಪಡಿಸಿ ಮಾರುವಂತಿಲ್ಲ. ‘ನಾನು ನೆಲ ಅಂತಸ್ತಿನಲ್ಲಿದ್ದೇನೆ, ನನಗೆ ಲಿಫ್ಟ್ ಬೇಡ, ಅದರ ಖರ್ಚನ್ನೂ ಕೊಡಲಾರೆ’ ಎನ್ನುವ ವಾದವನ್ನು ನಾವೆಲ್ಲ ಕೇಳಿದ್ದೇವೆ. ಸೌಲಭ್ಯವನ್ನು ಬಳಸುವುದಿಲ್ಲವೆಂದು ಹೇಳಿ ಸಾಮಾನ್ಯ ಖರ್ಚಿನ ಹೊಣೆಯಿಂದ ಯಾರೂ ತಪ್ಪಿಸಿಕೊಳ್ಳಲಾಗದೆಂದು ಆ ಅಧಿನಿಯಮ ವಿಧಿಸಿತು. ಬಾಕಿ ಉಳಿಸಿದರೆ ಆ ಮೊತ್ತ ಮನೆಯ ಮೇಲಿನ ಋಣಭಾರವಾಗುತ್ತದೆ. 2016ರ ಸ್ಥಿರಾಸ್ತಿ ಅಧಿನಿಯಮ, ಅಂದರೆ ಜನಬಳಕೆಯ ‘ರೇರಾ’, ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಸಂಘದ ರಚನೆಯಲ್ಲಿ ಭಾಗವಹಿಸುವುದನ್ನು ಮನೆ ಪಡೆದವರ ಕರ್ತವ್ಯಗಳಲ್ಲಿಯೇ ಸೇರಿಸಿತು.

ಇಲ್ಲಿ ಒಂದು ಸೂಕ್ಷ್ಮವುಂಟು. 1972ರ ಅಧಿನಿಯಮದಲ್ಲಿ ಬಹುಮತವೆಂದರೆ ತಲೆಗಳ ಎಣಿಕೆಯಲ್ಲ. ಘೋಷಣಾಪತ್ರದಲ್ಲಿ ನಮೂದಾದ ಪಾಲಿಗೆ ಅನುಗುಣವಾಗಿ ಶೇಕಡಾ 51ರಷ್ಟು ಮತ. ದೊಡ್ಡ ಮನೆಯವರ ಮತಕ್ಕೆ ತೂಕ ಹೆಚ್ಚು. ಬಾಡಿಗೆದಾರ ಮಾಲೀಕನಲ್ಲ, ಹತ್ತು ವರ್ಷ ಅಲ್ಲೇ ಬಾಳಿದರೂ ಈ ಲೆಕ್ಕದಲ್ಲಿ ಅವನ ಮತವಿಲ್ಲ. ಕಾನೂನು ನಮ್ಮನ್ನು ಸಹಮಾಲೀಕರನ್ನಾಗಿ ಮಾಡಬಲ್ಲದು. ನೆರೆಯವರನ್ನಾಗಿ ಮಾಡುವ ಕೆಲಸ ಮಾತ್ರ ನಮಗೇ ಉಳಿದಿದೆ.

ಸಂತ ತೋಮಸರ ಎರಡು ಮಾತು

ಗುರುವಿದ್ಯಾಮಂದಿರದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಒಣ ತರ್ಕವೆಂದು ತೋರಿದ ಒಂದು ವಿಚಾರ ಈಗ ಪದೇ ಪದೇ ನೆನಪಿಗೆ ಬರುತ್ತದೆ. ಬಹು ಜನರಿಗೆ ಸೇರಿದ ವಸ್ತುವಿಗೆ ಅತಿ ಕಡಿಮೆ ಆರೈಕೆ ದೊರೆಯುತ್ತದೆ ಎಂದು ಅರಿಸ್ಟಾಟಲನು ತನ್ನ ರಾಜ್ಯಶಾಸ್ತ್ರ ಗ್ರಂಥದಲ್ಲಿ ಎಚ್ಚರಿಸಿದ್ದಾನೆ. ಇದನ್ನು ನಂಬದವರು ಯಾವುದೇ ಕಟ್ಟಡದ ಮೆಟ್ಟಿಲಿನ ಮೂಲೆಯನ್ನು ನೋಡಬಹುದು.

ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಇದೇ ಎಳೆಯನ್ನು ಹಿಡಿದು ಆಸ್ತಿಯ ಕುರಿತು ಎರಡು ಮಾತು ಹೇಳಿದರು. ಒಡೆತನ ಖಾಸಗಿಯಾಗಿರುವುದು ನ್ಯಾಯ. ಏಕೆಂದರೆ ತನ್ನದನ್ನು ಮನುಷ್ಯ ಹೆಚ್ಚು ಜೋಪಾನ ಮಾಡುತ್ತಾನೆ, ವ್ಯವಹಾರದಲ್ಲಿ ಕ್ರಮವಿರುತ್ತದೆ, ಜಗಳ ಕಡಿಮೆಯಾಗುತ್ತದೆ. ಇದು ಮೊದಲ ಮಾತು. ಬಳಕೆಯ ವಿಷಯಕ್ಕೆ ಬಂದಾಗ ಅದೇ ವಸ್ತುವನ್ನು ಎಲ್ಲರದೆಂಬ ಭಾವದಿಂದ, ಅಗತ್ಯವುಳ್ಳವನೊಡನೆ ಹಂಚಿಕೊಳ್ಳಲು ಸಿದ್ಧನಾಗಿ ಹಿಡಿದಿರಬೇಕು. ಇದು ಎರಡನೆಯ ಮಾತು. ನಮ್ಮ ಬಾಗಿಲೊಳಗೆ ಮೊದಲನೆಯ ಮಾತನ್ನು ಬಹಳ ಚೆನ್ನಾಗಿ ಪಾಲಿಸುತ್ತೇವೆ. ಎರಡನೆಯದಕ್ಕೆ ಪರೀಕ್ಷೆ ಬಾಗಿಲಿನ ಹೊರಗೆ. ಎಲ್ಲರದೂ ಆದ ಆ ಸಭಾಂಗಣವು ದುಃಖದಲ್ಲಿದ್ದವರಿಗೆ ತೆರೆಯುವುದೋ ಇಲ್ಲವೋ ಎಂಬುದು ಅಂತಹದೇ ಪರೀಕ್ಷೆಯಾಗಿತ್ತು.

ತಕ್ಕಡಿಯ ಒಂದು ತಟ್ಟೆ

ಸಂಘದಿಂದ ಆಗುವ ಉಪಕಾರವನ್ನು ಮರೆಯಬಾರದು. ಎಪ್ಪತ್ತೈದು ದಾಟಿದ ವಿಧವೆ ತಾಯಿಗೆ ರಾತ್ರಿ ಪಂಪು ಕೆಟ್ಟರೆ ಪ್ಲಂಬರನ್ನು ಹುಡುಕುವ ಕಷ್ಟವಿಲ್ಲ. ಬಾಗಿಲಲ್ಲಿ ಕಾವಲುಗಾರನಿದ್ದಾನೆ. ಒಬ್ಬರಿಗೆ ಭಾರವಾಗುವ ಜನರೇಟರು, ಬಾವಿಯ ಶುದ್ಧೀಕರಣ, ಮಳೆನೀರಿನ ಸಂಗ್ರಹಣೆ ಹತ್ತು ಜನ ಕೂಡಿದರೆ ಹಗುರ. ಹಸಿಕಸ-ಒಣಕಸವನ್ನು ಬೇರ್ಪಡಿಸುವ ಶಿಸ್ತು ಸಂಘವಿದ್ದ ಕಡೆ ಬೇಗ ಬೇರೂರುತ್ತದೆ. ನಗರದ ಸಾಮಾನ್ಯ ತಾಣಗಳನ್ನು ಕಾಪಾಡಿದರೆ ‘ಇದು ನಮ್ಮ ಊರು’ ಎಂಬ ಭಾವ ಬೆಳೆಯುತ್ತದೆ ಎಂಬ ಅರ್ಥದ ಮಾತನ್ನು ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪರಿಪತ್ರದಲ್ಲಿ ಹೇಳಿದ್ದರು.

2020ರ ಕೋವಿಡ್ ದಿಗ್ಬಂಧನದ ದಿನಗಳಲ್ಲಿ ಒಂಟಿ ಹಿರಿಯರ ಬಾಗಿಲಿಗೆ ಔಷಧಿ-ದಿನಸಿ ತಲುಪಿಸಿದ ಸಂಘಗಳಿದ್ದವು. ನಮ್ಮ ಮಕ್ಕಳು ಅನೇಕರು ನೆಲೆಸಿರುವ ಬೆಂಗಳೂರಿನಲ್ಲಿ 2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರವೆದ್ದಾಗ, ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಟ್ಯಾಂಕರು ಎಷ್ಟು ತರಿಸಬೇಕು, ನಲ್ಲಿ ಯಾವ ಹೊತ್ತಿಗೆ ಬಿಡಬೇಕು ಎಂಬ ಕಠಿಣ ತೀರ್ಮಾನಗಳನ್ನು ಸಂಘಗಳ ಸಮಿತಿಗಳೇ ಕೈಗೊಳ್ಳಬೇಕಾಯಿತು. ಸಂಬಳವಿಲ್ಲದೆ, ಬೈಗುಳ ತಿಂದು ಆ ಕೆಲಸ ಮಾಡಿದವರಿಗೆ ನಾವು ಕೃತಜ್ಞರಾಗಿರಬೇಕು.

ಇನ್ನೊಂದು ತಟ್ಟೆ

ಅಪಕಾರವೂ ಅಷ್ಟೇ ಸತ್ಯ. ಮಾಸಿಕ ಶುಲ್ಕ ಏರುತ್ತಲೇ ಹೋಗುತ್ತದೆ. ಪಿಂಚಣಿಯನ್ನು ನಂಬಿದವರಿಗೆ ಅದು ಎರಡನೆಯ ಬಾಡಿಗೆಯಂತೆ. ಲೆಕ್ಕಪತ್ರ ಕೇಳಿದರೆ ‘ನಮ್ಮ ಮೇಲೆ ಸಂಶಯವೇ?’ ಎಂದು ಮುನಿಯುವ ಪದಾಧಿಕಾರಿಗಳಿದ್ದಾರೆ. ಒಬ್ಬರೇ ಹತ್ತಾರು ವರ್ಷ ಕುರ್ಚಿ ಬಿಡದೆ ಕಟ್ಟಡವನ್ನು ಪಾಳೆಯಪಟ್ಟಿನಂತೆ ಆಳುವುದುಂಟು. ಕಾರು ನಿಲ್ಲಿಸುವ ಒಂದು ಗೇಣು ಜಾಗಕ್ಕಾಗಿ ಎರಡು ಬಣಗಳಾಗಿ ನ್ಯಾಯಾಲಯ ಹತ್ತಿದವರೂ ಉಂಟು. ಬಾಕಿ ವಸೂಲಿಗೆ ಕಾನೂನಿನ ದಾರಿ ಇದ್ದರೂ, ಮುದುಕರಿರುವ ಮನೆಯ ನೀರನ್ನೇ ನಿಲ್ಲಿಸುವ ಕ್ರೌರ್ಯಕ್ಕೆ ಯಾವ ಬಹುಮತವೂ ಸಮರ್ಥನೆಯಾಗದು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ನೋಯಿಸುವುದು ಬೇರೆ. ಮನೆಗೆಲಸದ ಹೆಣ್ಣುಮಕ್ಕಳು ಇದೇ ಲಿಫ್ಟನ್ನು ಬಳಸಬಾರದು, ಇಂತಹ ಆಹಾರದವರಿಗೆ, ಇಂತಹ ಧರ್ಮದವರಿಗೆ, ಅವಿವಾಹಿತರಿಗೆ ಮನೆ ಬಾಡಿಗೆಗೆ ಕೊಡಬಾರದು ಎಂಬ ನಿಯಮಗಳು, ಕೆಲವೊಮ್ಮೆ ಬರೆದು, ಬಹಳ ಸಲ ಬರೆಯದೆ, ನಡೆಯುತ್ತಿವೆ. ಇಂತಹ ನಿಯಮದಿಂದ ನಮಗೆ ಬಾಗಿಲು ಮುಚ್ಚಿದಾಗ ದುಃಖಿಸುತ್ತೇವೆ. ಇನ್ನೊಬ್ಬರಿಗೆ ಮುಚ್ಚುವಾಗ ನಮ್ಮ ಕೈಯೂ ಮೇಲೇಳುತ್ತದೆ. ಆತ್ಮಶೋಧನೆಗೆ ಇದು ತಕ್ಕ ವಿಷಯ.

‘ಹಾಗಾದರೆ ನಮ್ಮವರಿಗಾಗಿಯೇ ಒಂದು ಕಟ್ಟಡ ಕಟ್ಟೋಣ’ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಕಾನೂನು ಇದಕ್ಕೆ ಸಂಪೂರ್ಣ ವಿರೋಧಿಯೇನೂ ಅಲ್ಲ. ಅಹಮದಾಬಾದಿನ ಪಾರ್ಸಿ ಸಹಕಾರಿ ವಸತಿ ಸಂಘವೊಂದು ಪಾರ್ಸಿಗಳಿಗೆ ಮಾತ್ರ ಸದಸ್ಯತ್ವವೆಂದು ಮಾಡಿಕೊಂಡಿದ್ದ ಬೈಲಾವನ್ನು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಎತ್ತಿಹಿಡಿಯಿತು. ಆದರೆ ಕಾನೂನು ಅನುಮತಿಸಿದ್ದೆಲ್ಲವೂ ಶುಭಸಂದೇಶಕ್ಕೆ ಒಪ್ಪುವುದೆಂದು ಹೇಳಲಾಗದು. ನಮ್ಮವರೇ ತುಂಬಿದ ಕಟ್ಟಡದಲ್ಲಿ ಆ ನಿವೃತ್ತ ಅಧ್ಯಾಪಕರಿಗೆ ಸ್ಥಳವಿರುತ್ತಿತ್ತೇ? ‘ನನ್ನ ನೆರೆಯವನು ಯಾರು?’ ಎಂದು ಕೇಳಿದ ಧರ್ಮಶಾಸ್ತ್ರಜ್ಞನಿಗೆ ಪ್ರಭು ಯೇಸು ಉತ್ತರವಾಗಿ ನೀಡಿದ್ದು ಸಮಾರಿಯದವನೊಬ್ಬನ ಕಥೆಯನ್ನು.

ಮೊದಲ ಸಮಿತಿ

ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ಓದಿರಿ. ಆದಿಸಭೆಯಲ್ಲಿ ಸೊತ್ತು ಸಾಮಾನ್ಯವಾಗಿತ್ತು. ಆದರೂ ಗೊಣಗಾಟ ತಪ್ಪಲಿಲ್ಲ. ಪ್ರತಿದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಭಾಷಿಕರು ದೂರಿದರು. ಪ್ರೇಷಿತರು ದೂರಿದವರನ್ನು ಗದರಿಸಲಿಲ್ಲ. ಪಂಗಡವನ್ನು ಎರಡಾಗಿ ಒಡೆಯಲೂ ಇಲ್ಲ. ಎಲ್ಲರ ಸಭೆ ಕರೆದು, ಒಳ್ಳೆಯ ಹೆಸರುಳ್ಳ ಏಳು ಮಂದಿಯನ್ನು ಆರಿಸಿಕೊಳ್ಳಲು ಹೇಳಿ, ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಆರಿಸಲ್ಪಟ್ಟವರ ಹೆಸರುಗಳೆಲ್ಲವೂ ಗ್ರೀಕ್ ಹೆಸರುಗಳು. ದೂರಿದವರ ಕೈಗೇ ಹೊಣೆಯನ್ನು ಒಪ್ಪಿಸಲಾಯಿತು! ನ್ಯಾಯವಾಗಿ ಹಂಚುವ ಆಡಳಿತವೂ ಪವಿತ್ರ ಸೇವೆಯೇ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ಮ ಹಿರಿಯರ ಕಾಲದಲ್ಲಿ ವಾರ್ಡಿನ ಗುರ್ಕಾರರು ಸಾವಿನ ಮನೆಗೆ ಮೊದಲು ಧಾವಿಸುತ್ತಿದ್ದರು, ಜಗಳವಿದ್ದಲ್ಲಿ ಕೂಡಿಸುತ್ತಿದ್ದರು. ಇಂದಿನ ಸಮುಚ್ಚಯಗಳಿಗೆ ಬೇಕಾಗಿರುವುದು ಅಂತಹ ಮನಸ್ಸಿನ, ಎಲ್ಲ ಧರ್ಮದವರಿಗೂ ಬೇಕಾದ ಗುರ್ಕಾರರು.

ಹಾಗೆಂದು ಸಂಘವೇ ಸರ್ವಸ್ವವಲ್ಲ. ಕಿರಿಯ ಘಟಕ ಮಾಡಬಲ್ಲ ಕೆಲಸವನ್ನು ಹಿರಿಯ ಘಟಕ ಕಸಿದುಕೊಳ್ಳಬಾರದೆಂಬ ತತ್ತ್ವವನ್ನು ಜಗದ್ಗುರು ಹನ್ನೊಂದನೆಯ ಪಿಯುಸರು 1931ರಲ್ಲಿ ಸ್ಪಷ್ಟಪಡಿಸಿದರು. ಮನೆಯೊಳಗೆ ಏನು ಬೇಯುತ್ತದೆ, ಯಾರು ಅತಿಥಿಗಳು ಎಂಬುದು ಕುಟುಂಬದ ವಿಷಯ. ಸಂಘ ಅಲ್ಲಿ ಮೂಗು ತೂರಿಸಬಾರದು. ಅಂತೆಯೇ ಚರಂಡಿಯ, ಚಪ್ಪಲಿಯ ವಿಷಯಕ್ಕೆಲ್ಲ ನಾವು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬಾರದು. ಅದು ಸಂಘದಲ್ಲಿ ಕುಳಿತು ಬಗೆಹರಿಸುವ ವಿಷಯ.

ಕುಟುಂಬಗಳಿಗೆ ಕೆಲವು ಮಾತು

ಫ್ಲ್ಯಾಟ್ ಕೊಳ್ಳುವ ಮೊದಲು ಅಡುಗೆಮನೆಯ ಅಳತೆಯೊಂದಿಗೆ ಸಂಘದ ಬೈಲಾವನ್ನೂ ಕೇಳಿ ಓದಿರಿ. ಘೋಷಣಾಪತ್ರ ನೋಂದಣಿಯಾಗಿದೆಯೇ, ಲೆಕ್ಕ ಪರಿಶೋಧನೆ ವರ್ಷವರ್ಷವೂ ನಡೆದಿದೆಯೇ, ದೊಡ್ಡ ದುರಸ್ತಿಗೆ ಮೂಲನಿಧಿ ಇದೆಯೇ, ಹಿಂದಿನ ಮಾಲೀಕರ ಬಾಕಿ ಉಳಿದಿದೆಯೇ ಎಂದು ವಿಚಾರಿಸಿರಿ. ಸೇರಿದ ಮೇಲೆ ಶುಲ್ಕವನ್ನು ಸಕಾಲದಲ್ಲಿ ಪಾವತಿಸಿರಿ. ಬಡವರೊಬ್ಬರು ತಡಮಾಡಿದರೆ ಅವರ ಪರವಾಗಿ ಕಾಲಾವಕಾಶ ಕೇಳುವ ಮೊದಲ ದನಿ ನಿಮ್ಮದಾಗಲಿ. ವಾರ್ಷಿಕ ಮಹಾಸಭೆಗೆ ತಪ್ಪದೆ ಹೋಗಿರಿ. ಅದು ಪೂಜೆಯ ವೇಳೆಯಲ್ಲಿದ್ದರೆ ವಿನಯದಿಂದ ಬೇರೆ ಸಮಯ ಕೇಳಿರಿ; ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೆ ಶನಿವಾರ ಸಂಜೆಯ ಪೂಜೆ ಇದ್ದೇ ಇದೆ.

ಆ ಸಮುಚ್ಚಯದ ಮುಂದಿನ ಮಹಾಸಭೆ ಭಾನುವಾರ ಸಂಜೆ ನಡೆಯಿತು. ನಮ್ಮ ಹನ್ನೊಂದು ಕುಟುಂಬಗಳಲ್ಲಿ ಒಂಬತ್ತು ಹಾಜರಿದ್ದವು. ಸಾವು ಸಂಭವಿಸಿದ ಯಾವುದೇ ಮನೆಯವರಿಗೆ ಅಂತಿಮ ದರ್ಶನಕ್ಕಾಗಿ ಸಭಾಂಗಣವನ್ನು ಶುಲ್ಕವಿಲ್ಲದೆ ಬಿಟ್ಟುಕೊಡಬೇಕೆಂದು ಆ ಅಧ್ಯಾಪಕರು ಸೂಚಿಸಿದರು; ತೀರಿಹೋದ ತಾಯಿಯ ಸೊಸೆ ಅನುಮೋದಿಸಿದರು. ಬಾಡಿಗೆದಾರರಿಗೂ ಮನೆಗೆಲಸದವರ ಕುಟುಂಬಕ್ಕೂ ಇದು ಅನ್ವಯಿಸಲಿ ಎಂದು ಯಾರೋ ಕೇಳಿದರು. ಅದೂ ಸೇರಿತು. ಆ ಸೊಸೆ ಮರುವರ್ಷ ಸಮಿತಿಯ ಖಜಾಂಚಿಯಾದರು. ಈಗ ಬೈಗುಳವೂ ಅವರ ಪಾಲಿಗೆ ಬರುತ್ತಿದೆ ಎಂದು ನಗುತ್ತಾ ಹೇಳುತ್ತಾರೆ.

ನೆರೆಹೊರೆ ಎಂಬ ಪದದಲ್ಲಿ ನೆರೆಯೂ ಇದೆ, ಹೊರೆಯೂ ಇದೆ. ಹೊರೆಯನ್ನು ಹೊರಲು ಒಪ್ಪದವನಿಗೆ ನೆರೆ ದೊರಕದು. ಒಬ್ಬರ ಹೊರೆಯನ್ನು ಒಬ್ಬರು ಹೊರಬೇಕೆಂದು ಸಂತ ಪೌಲರು ಗಲಾತ್ಯದ ಕ್ರೈಸ್ತರಿಗೆ ತಿಳಿಹೇಳಿದ್ದೂ ಇದನ್ನೇ ಅಲ್ಲವೇ? ನಿಮ್ಮ ಕಟ್ಟಡದ ಫಲಕದಲ್ಲಿ ಮುಂದಿನ ಸಲ ಸಭೆಯ ಸೂಚನೆ ಕಂಡಾಗ, ದಯವಿಟ್ಟು ಒಂದು ಕ್ಷಣ ನಿಂತು ಓದಿರಿ.