ಹಗಲು ಕಾಯುವ ಗಾಜು ರಾತ್ರಿ ಕಾಯುವುದೆ?

ಗೋಡೆಗೂ ಕಿವಿಯುಂಟೆಂದು ನಮ್ಮ ಹಿರಿಯರು ಎಚ್ಚರಿಸುತ್ತಿದ್ದರು. ಈಗಿನ ಗೋಡೆಗಳಿಗೆ ಕಿವಿಯ ಜೊತೆಗೆ ದೊಡ್ಡ ದೊಡ್ಡ ಕಣ್ಣುಗಳೂ ಬಂದಿವೆ. ಆಳೆತ್ತರದ ಗಾಜಿನ ಕಿಟಕಿಯಿಲ್ಲದೆ ಹೊಸ ಮನೆಯ ಗೃಹಪ್ರವೇಶ ನಡೆಯುವುದು ಇಂದು ಅಪರೂಪವೇ ಸರಿ. ಕಿಟಕಿ ದೊಡ್ಡದಾದಷ್ಟೂ ಮನೆ ಬೆಳಗುವುದೆಂಬುದು ನಿಜ. ಆದರೆ ನಾವು ಬೀದಿಯನ್ನು ನೋಡುವ ಗಾಜಿನಲ್ಲಿಯೇ ಬೀದಿಯೂ ನಮ್ಮನ್ನು ನೋಡುತ್ತದೆಂಬುದು ಮನೆಯೊಳಗೆ ಕಾಲಿಟ್ಟ ಮೇಲೆ ಹೊಳೆಯುವ ಸಂಗತಿ.

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನೇ ನೋಡಿ. ಮಧುಗಿರಿಯ ಕೋಟೆಯ ಮೆಟ್ಟಿಲುಗಳನ್ನು ಸ್ವಲ್ಪ ಏರಿ ಹಿಂತಿರುಗಿ ನೋಡಿದರೆ ಊರಿನ ತಾರಸಿಗಳು ಭುಜಕ್ಕೆ ಭುಜ ತಾಗಿಸಿ ನಿಂತಿರುವುದು ಕಾಣುತ್ತದೆ. ಇಂಥ ಪಟ್ಟಣಗಳ ಹೊಸ ಬಡಾವಣೆಯೊಂದರಲ್ಲಿ ಮೂವತ್ತು-ನಲವತ್ತು ಅಡಿಗಳ ನಿವೇಶನವನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ಎರಡಂತಸ್ತಿನ ಮನೆ. ಪಕ್ಕದ ಮನೆಗೂ ಇದಕ್ಕೂ ನಡುವೆ ಒಬ್ಬರು ನಡೆಯುವಷ್ಟು ಓಣಿ. ಇತ್ತ ಮಗಳು ಓದುವ ಕೋಣೆಯ ಕಿಟಕಿ, ಅತ್ತ ನೆರೆಯವರ ಮಹಡಿಯ ಕಿಟಕಿ—ಎರಡೂ ಎದುರುಬದುರು. ಪರಿಣಾಮವೇನು? ಹಗಲೆಲ್ಲ ಪರದೆ ಎಳೆದಿರುತ್ತದೆ. ನಡುಮಧ್ಯಾಹ್ನದಲ್ಲಿಯೂ ದೀಪ ಉರಿಯುತ್ತಿರುತ್ತದೆ. ಬೆಳಕಿಗೆಂದು ಹಣ ಸುರಿದು ಗಾಜು ಹಾಕಿಸಿದವರು ಕತ್ತಲೆಯಲ್ಲಿ ಬಾಳುತ್ತಾರೆ!

ಈ ಸಂಕಟಕ್ಕೆ ಪರಿಹಾರವೆಂದು ಗಾಜಿನಂಗಡಿಗಳಲ್ಲಿ ದೊರೆಯುವುದೇ ಕಿಟಕಿಗೆ ಅಂಟಿಸುವ ಫಿಲ್ಮ್. ಅಂಗಡಿಗೆ ಹೋದ ಗೃಹಿಣಿ, “ಹೊರಗಿನವರಿಗೆ ನಾವು ಕಾಣಬಾರದಣ್ಣ, ನಮಗೆ ಮಾತ್ರ ಹೊರಗಿನದು ಕಾಣಬೇಕು” ಎನ್ನುತ್ತಾಳೆ. “ಹಂಗಾದ್ರೆ ಇದನ್ನೇ ಹಾಕ್ಸಿ ಅಮ್ಮ, ಹೊರಗಡೆಯಿಂದ ಏನೂ ಕಾಣ್ಸಲ್ಲ” ಎಂದು ಅಂಗಡಿಯವರು ಕನ್ನಡಿಯಂತೆ ಹೊಳೆಯುವ ಸುರುಳಿಯೊಂದನ್ನು ಬಿಚ್ಚುತ್ತಾರೆ. ಅವರ ಮಾತು ಸುಳ್ಳಲ್ಲ. ಆದರೆ ಅದು ಅರ್ಧ ದಿನದ ಸತ್ಯ. ಉಳಿದರ್ಧವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹಿರಿಯರ ಉಪಾಯ

ಈ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಇಂಥ ಪ್ರಶ್ನೆಯೇ ಏಳುತ್ತಿರಲಿಲ್ಲ. ದಪ್ಪ ಮಣ್ಣಿನ ಗೋಡೆ, ಬೀದಿಯ ಕಡೆಗೆ ಸಣ್ಣ ಕಿಟಕಿ, ಮಾಳಿಗೆಯಲ್ಲಿ ಬೆಳಕಿಗೊಂದು ಗವಾಕ್ಷಿ. ಅನುಕೂಲವಂತರ ತೊಟ್ಟಿಮನೆಗಳಲ್ಲಿ ಬೆಳಕು ನಡುವಿನ ತೊಟ್ಟಿಯಿಂದಲೇ ಇಳಿದು ಬರುತ್ತಿತ್ತು. ಬಂದವರು ಜಗುಲಿಯಲ್ಲಿ ಕುಳಿತು ಮಾತನಾಡಿ ಹೊರಡುತ್ತಿದ್ದರು. ನಡುಮನೆ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಮರೆಯೆಂಬುದು ಕಟ್ಟಡದಲ್ಲಿಯೇ ಅಡಕವಾಗಿದ್ದ ಗುಣ.

ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದವರೆಲ್ಲ ಅಲ್ಲಿನ ಕಲ್ಲಿನ ಜಾಲಂಧ್ರಗಳನ್ನು ಕಂಡಿರುತ್ತಾರೆ. ಬಿಸಿಲಿನಲ್ಲಿ ಹೊರಗೆ ನಿಂತವನಿಗೆ ಅವುಗಳ ರಂಧ್ರಗಳಾಚೆ ಕಾಣುವುದು ಬರಿಯ ಕತ್ತಲು. ಒಳಗಿನ ಮಬ್ಬಿನಲ್ಲಿ ನಿಂತವನಿಗಾದರೋ ಹೊರಗಿನ ಅಂಗಳ ನಿಚ್ಚಳ. ಕತ್ತಲಲ್ಲಿದ್ದವನು ಬೆಳಕಿನಲ್ಲಿರುವವನನ್ನು ನೋಡಬಲ್ಲ. ಬೆಳಕಿನಲ್ಲಿರುವವನು ಕತ್ತಲಲ್ಲಿದ್ದವನನ್ನು ನೋಡಲಾರ. ಇಂದಿನ ಹೊಳೆಯುವ ಫಿಲ್ಮಿನ ಗುಟ್ಟೂ ಇದೇ.

ಗಾಜಿನ ಗುಟ್ಟು

ಈ ಫಿಲ್ಮ್ ಹೆಚ್ಚಾಗಿ ಪಾಲಿಯೆಸ್ಟರಿನ ತೆಳುಹಾಳೆ. ಪಾಲಿಯೆಸ್ಟರನ್ನು ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನಶಾಸ್ತ್ರಜ್ಞರು 1941ರಲ್ಲಿ ಕಂಡುಹಿಡಿದರು. ಕಿಟಕಿಯ ಫಿಲ್ಮಿಗೆ ಅಮೆರಿಕದ 3ಎಂ ಸಂಸ್ಥೆಯು 1966ರಲ್ಲಿ ಪೇಟೆಂಟು ಪಡೆಯಿತು. ಆಗಿನ ಉದ್ದೇಶ ಬಿಸಿಲಿನ ಕಾವನ್ನು ತಡೆಯುವುದು. ಮರೆಯೆಂಬುದು ಜೊತೆಗೆ ಬಂದ ಲಾಭ.

ಹೊಳೆಯುವ ಫಿಲ್ಮಿನ ಮೇಲೆ ಲೋಹದ ಅತಿ ತೆಳುವಾದ ಲೇಪನವಿರುತ್ತದೆ. ಬಿದ್ದ ಬೆಳಕಿನಲ್ಲಿ ಹೆಚ್ಚಿನ ಪಾಲನ್ನು ಅದು ಹಿಂದಕ್ಕೆ ಎಸೆದು, ಸ್ವಲ್ಪವನ್ನು ಮಾತ್ರ ಒಳಗೆ ಬಿಡುತ್ತದೆ. ಬೆಳಕನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ನಡುಹಗಲಿನ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಅದೇ ಹೊತ್ತಿನಲ್ಲಿ ಕೋಣೆಯೊಳಗಿನ ಬೆಳಕು ಕೆಲವು ನೂರು ಮಾತ್ರ. ಹೊರಗೆ ನಿಂತವನ ಕಣ್ಣಿಗೆ ಗಾಜಿನಿಂದ ಮರಳಿದ ಬಿಸಿಲಿನ ಥಳಕೇ ತುಂಬಿಕೊಳ್ಳುತ್ತದೆ. ಒಳಗಿನಿಂದ ಬರುವ ಕ್ಷೀಣ ಬೆಳಕು ಅದರಲ್ಲಿ ಮುಳುಗಿಹೋಗುತ್ತದೆ. ಆತ ಕಾಣುವುದು ತನ್ನ ಮುಖವನ್ನೇ.

ಈಗ ಸೂರ್ಯ ಮುಳುಗಲಿ. ಕೋಣೆಯಲ್ಲಿ ಟ್ಯೂಬ್‌ಲೈಟಿನಿಂದ ನೂರಿನ್ನೂರು ಲಕ್ಸ್ ಬೆಳಕು. ಬೀದಿಯಲ್ಲಿ ಕಂಬದ ದೀಪವಿದ್ದರೂ ಹತ್ತೋ ಇಪ್ಪತ್ತೋ. ತಕ್ಕಡಿ ಅತ್ತ ವಾಲಿತು! ಒಳಗಿನವರಿಗೆ ಕಿಟಕಿ ಕನ್ನಡಿಯಾಗುತ್ತದೆ. ಹೊರಗಿನವರಿಗೆ ಕೋಣೆಯು ರಂಗಸ್ಥಳದಂತೆ ತೆರೆದುಕೊಳ್ಳುತ್ತದೆ. ಎಲ್ಲಕ್ಕಿಂತ ಕಳವಳದ ಸಂಗತಿ, ಒಳಗಿರುವವರಿಗೆ ಇದರ ಸುಳಿವೂ ಸಿಗದು. ಗಾಜಿನಲ್ಲಿ ತಮ್ಮ ಬಿಂಬವನ್ನೇ ಕಂಡು, ಮರೆ ಭದ್ರವಾಗಿದೆಯೆಂದು ನಂಬಿ ನಿಶ್ಚಿಂತರಾಗಿರುತ್ತಾರೆ. ಪಿ.ಯು.ಸಿ. ಪರೀಕ್ಷೆಗೆಂದು ರಾತ್ರಿ ಹನ್ನೊಂದರವರೆಗೆ ಓದುವ ಹುಡುಗಿಗೆ ಹಗಲಿನ ಮರೆಯಿಂದೇನು ಪ್ರಯೋಜನ? ಪರದೆಯೂ ಇಲ್ಲದ, ಫಿಲ್ಮೂ ಇಲ್ಲದ ಕಿಟಕಿಯೇ ಮೇಲು; ಅಲ್ಲಿ ಎಚ್ಚರವಾದರೂ ಇರುತ್ತದೆ.

ಯಾವ ಕೋಣೆಗೆ ಯಾವುದು?

ಆದುದರಿಂದ ಫಿಲ್ಮನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಬೆಲೆಯೆಷ್ಟೆಂಬುದಲ್ಲ. ಈ ಕೋಣೆಗೆ ಮರೆ ಬೇಕಾದುದು ಯಾವ ಹೊತ್ತಿನಲ್ಲಿ ಎಂಬುದು.

ಹಗಲು ಮಾತ್ರ ಮರೆ ಬೇಕಾದ ಪಡಸಾಲೆಗೆ ಹೊಳೆಯುವ ಫಿಲ್ಮ್ ಒಪ್ಪುತ್ತದೆ. ಅಜ್ಜ ಅಜ್ಜಿಯರು ಒಳಗೆ ಕುಳಿತು ಬೀದಿಯ ಓಡಾಟವನ್ನು ನೋಡಬಹುದು. ಬೀದಿಯವರ ದೃಷ್ಟಿ ಒಳಗೆ ಬರದು. ದೀಪ ಹಚ್ಚುವ ಹೊತ್ತಿಗೆ ಮಾತ್ರ ಪರದೆ ಎಳೆಯುವ ಅಭ್ಯಾಸ ತಪ್ಪಬಾರದು.

ಬಚ್ಚಲುಮನೆ, ಬಟ್ಟೆ ಬದಲಿಸುವ ಕೋಣೆ, ಓಣಿಗೆ ಮುಖ ಮಾಡಿದ ಮಲಗುವ ಕೋಣೆ—ಇವಕ್ಕೆ ಹಾಲುಬಣ್ಣದ ಫ್ರಾಸ್ಟೆಡ್ ಫಿಲ್ಮೇ ಸರಿ. ಇದು ಬೆಳಕನ್ನು ಹಿಂದಕ್ಕೆ ಎಸೆಯದೆ ಚದುರಿಸುತ್ತದೆ. ಆದುದರಿಂದ ಹಗಲಿರುಳೆನ್ನದೆ ಕೆಲಸ ಮಾಡುತ್ತದೆ. ಹೊರಗಿನ ನೋಟ ನಮಗೂ ಇಲ್ಲವಾಗುವುದೇ ಅದಕ್ಕೆ ತೆರುವ ಬೆಲೆ. ಇಲ್ಲಿಯೂ ಒಂದು ಸೂಕ್ಷ್ಮವುಂಟು. ದೀಪಕ್ಕೂ ಕಿಟಕಿಗೂ ನಡುವೆ ನಿಂತವರ ನೆರಳು ತೊಗಲುಗೊಂಬೆಯಂತೆ ಹಾಳೆಯ ಮೇಲೆ ಮೂಡುತ್ತದೆ. ಕಿಟಕಿಯಿರುವ ಗೋಡೆಗೇ ದೀಪವನ್ನು ಜೋಡಿಸಿದರೆ ಈ ತೊಂದರೆ ತಪ್ಪುತ್ತದೆ.

ಮೂರನೆಯದು, ಅಂಟಿಲ್ಲದೆ ನೀರಿನ ಸಹಾಯದಿಂದಲೇ ಗಾಜಿಗೆ ಕಚ್ಚಿಕೊಳ್ಳುವ ಹಾಳೆ. ಬಾಡಿಗೆ ಮನೆಯಲ್ಲಿರುವ ಉಪಾಧ್ಯಾಯರು, ವರ್ಗಾವಣೆಗೆ ಸಿದ್ಧರಾಗಿರಬೇಕಾದ ಸರ್ಕಾರಿ ನೌಕರರು ಇದನ್ನು ನೆಚ್ಚಬಹುದು. ಮನೆ ಬಿಡುವಾಗ ಸುಲಿದು, ಸುತ್ತಿಕೊಂಡು ಹೋದರಾಯಿತು. ಮಾಲೀಕರ ಆಕ್ಷೇಪಣೆಗೂ ಅವಕಾಶವಿಲ್ಲ.

ಇಡೀ ಗಾಜಿಗೆ ಹಾಳೆ ಅಂಟಿಸಲೇಬೇಕೆಂಬ ನಿಯಮವೇನೂ ಇಲ್ಲ. ನೆಲ ಅಂತಸ್ತಿನ ಕಿಟಕಿಗೆ ಬೀದಿಯಲ್ಲಿ ನಡೆಯುವವರ ಕಣ್ಣಿನ ಮಟ್ಟ ಮೀರುವವರೆಗೆ ಹಾಲುಬಣ್ಣದ ಹಾಳೆಯನ್ನು ಅಂಟಿಸಿ, ಮೇಲಿನ ಭಾಗವನ್ನು ಬರಿದಾಗಿ ಬಿಟ್ಟರೆ ಮರೆಯೂ ಉಳಿಯಿತು, ಆಕಾಶವೂ ಉಳಿಯಿತು. ಹಿಂದೆ ಕಿಟಕಿಯ ಕೆಳಭಾಗಕ್ಕೆ ದಾರದಲ್ಲಿ ಅರ್ಧ ಪರದೆಯನ್ನು ಕಟ್ಟುತ್ತಿದ್ದ ಜಾಣತನವೇ ಇದು. ಎದುರು ಮಹಡಿಯಿಂದ ಕಣ್ಣು ಕೆಳಗಿಳಿಯುವ ಕಡೆ ಮಾತ್ರ ಇಡೀ ಗಾಜು ಮುಚ್ಚಬೇಕಾದೀತು.

ಇನ್ನೊಂದು ಮಾತು: ಫಿಲ್ಮ್ ಕಾಯುವುದು ಮುಚ್ಚಿದ ಕಿಟಕಿಯನ್ನು ಮಾತ್ರ. ಗಾಳಿಗೆಂದು ಕದ ಸರಿಸಿದೊಡನೆ ಅದರ ಕಾವಲು ಮುಗಿಯಿತು. ಬೇಸಿಗೆಯ ರಾತ್ರಿ ಕಿಟಕಿ ತೆರೆದು ಮಲಗುವವರಿಗೆ ತೆಳುಪರದೆಯೊಂದು ಬೇಕೇ ಬೇಕು.

ಪಾವಗಡದ ಬಿಸಿಲು

ಬಿಸಿಲಿನ ಪ್ರಶ್ನೆಯನ್ನು ಮರೆಯುವಂತಿಲ್ಲ. ಪಾವಗಡದ ಬಿಸಿಲು ಸಾಮಾನ್ಯವಾದುದಲ್ಲ. ತಿರುಮಣಿಯ ಸುತ್ತಲಿನ ಹಳ್ಳಿಗಳಲ್ಲಿ ಸುಮಾರು 13,000 ಎಕರೆಗಳಲ್ಲಿ ಹರಡಿರುವ ಸೌರ ಉದ್ಯಾನವು 2,050 ಮೆಗಾವಾಟ್ ಸಾಮರ್ಥ್ಯದ್ದೆಂದರೆ ಅದರ ಬಲವನ್ನು ಊಹಿಸಿಕೊಳ್ಳಬಹುದು. ಆ ಸೂರ್ಯನೇ ಪಶ್ಚಿಮದ ಗಾಜಿನಲ್ಲಿ ಇಳಿದು ಬಂದರೆ ಕೋಣೆ ಒಲೆಯಾಗುತ್ತದೆ.

ಕಪ್ಪಾಗಿದ್ದಷ್ಟೂ ತಂಪೆಂಬ ನಂಬಿಕೆ ಹಲವರಲ್ಲಿದೆ. ಬರಿಯ ಬಣ್ಣದ ಕಪ್ಪು ಹಾಳೆ ಬಿಸಿಲನ್ನು ಹೀರಿಕೊಂಡು ತಾನೂ ಕಾಯುತ್ತದೆ, ಗಾಜನ್ನೂ ಕಾಯಿಸುತ್ತದೆ. ಆ ಕಾವಿನ ಒಂದು ಪಾಲು ಒಳಗೇ ಬರುತ್ತದೆ. ಗಾಜಿನ ಒಂದು ಭಾಗ ಸಜ್ಜಾದ ನೆರಳಿನಲ್ಲಿ ತಣ್ಣಗಿದ್ದು, ಮತ್ತೊಂದು ಭಾಗ ಬಿಸಿಲಿನಲ್ಲಿ ಕಾದಾಗ ಗಾಜು ಸೀಳುವುದೂ ಉಂಟು. ತಂತಿಬಲೆ ಹುದುಗಿಸಿದ ಗಾಜು ಹಾಗೂ ಅಂಚಿನಲ್ಲಿ ಮೊದಲೇ ಚಕ್ಕೆ ಎದ್ದ ಗಾಜಿಗೆ ಈ ಭಯ ಹೆಚ್ಚು. ಕಾವನ್ನು ಪ್ರತಿಫಲಿಸುವ ಹಾಳೆ ಇದಕ್ಕಿಂತ ಮೇಲು. ಒಳ್ಳೆಯ ದರ್ಜೆಯ ಫಿಲ್ಮುಗಳು ಅತಿನೇರಿಳೆ ಕಿರಣಗಳಲ್ಲಿ ನೂರಕ್ಕೆ 99 ಪಾಲನ್ನು ತಡೆಯುವುದರಿಂದ ಪರದೆ, ಪುಸ್ತಕ, ಮರದ ಸಾಮಾನುಗಳ ಬಣ್ಣ ಮಾಸುವುದು ನಿಧಾನವಾಗುತ್ತದೆ. ಇಷ್ಟಾಗಿಯೂ, ಬಿಸಿಲನ್ನು ಗಾಜು ಮುಟ್ಟುವ ಮೊದಲೇ ತಡೆಯುವುದು ಎಲ್ಲಕ್ಕಿಂತ ಉತ್ತಮ. ಅಗಲವಾದ ಸಜ್ಜಾ, ಹೊರಗೆ ಇಳಿಬಿಟ್ಟ ಬಿದಿರಿನ ತಟ್ಟಿ, ಕಿಟಕಿಯ ಮುಂದೊಂದು ಹೊಂಗೆಯ ಮರ—ಇವುಗಳ ಕೆಲಸವನ್ನು ಯಾವ ಹಾಳೆಯೂ ಪೂರ್ತಿಯಾಗಿ ಮಾಡಲಾರದು.

ಬೆಳಕನ್ನು ಒಳಬಿಡುವ ಪ್ರಮಾಣವನ್ನು ಫಿಲ್ಮುಗಳ ವಿವರದಲ್ಲಿ ಶೇಕಡಾ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. 50 ಎಂದರೆ ಅರ್ಧ ಬೆಳಕು. 15 ಎಂದರೆ ಕೋಣೆ ಮಬ್ಬು. ಓದುವ ಕೋಣೆಗೂ ಅಡುಗೆಮನೆಗೂ ತೀರ ಕಪ್ಪನೆಯದನ್ನು ಆರಿಸಿದರೆ ಮತ್ತೆ ಹಗಲು ದೀಪವೇ ಗತಿ. 2012ರಲ್ಲಿ ಸುಪ್ರೀಂ ಕೋರ್ಟು ಕಪ್ಪು ಫಿಲ್ಮಿನ ಬಗ್ಗೆ ಕೊಟ್ಟ ನಿಷೇಧದ ತೀರ್ಪನ್ನು ನೆನೆದು ಕೆಲವರು ಅಳುಕುತ್ತಾರೆ. ಆ ತೀರ್ಪು ವಾಹನಗಳ ಗಾಜಿಗೆ ಸಂಬಂಧಿಸಿದ್ದು, ಮನೆಯ ಕಿಟಕಿಗಲ್ಲ.

ಅಂಟಿಸುವ ಮೊದಲು

ಸುರುಳಿಯನ್ನೇ ಕೊಳ್ಳುವ ಮುಂಚೆ ಅಂಗಡಿಯಿಂದ ಒಂದು ತುಂಡನ್ನು ಕೇಳಿ ತನ್ನಿ. ಗಾಜಿಗೆ ಅದನ್ನು ತಾತ್ಕಾಲಿಕವಾಗಿ ಅಂಟಿಸಿ ನಡುಹಗಲಿನಲ್ಲೊಮ್ಮೆ, ದೀಪ ಹಚ್ಚಿದ ಮೇಲೊಮ್ಮೆ, ಮನೆಯವರೊಬ್ಬರನ್ನು ಒಳಗೆ ನಿಲ್ಲಿಸಿ, ನೀವೇ ಬೀದಿಗಿಳಿದು ನೋಡಿ. ಎಷ್ಟು ವಿವರಣೆ ಓದಿದರೂ ದೊರೆಯದ ತಿಳಿವಳಿಕೆ ಈ ಎರಡು ನೋಟಗಳಲ್ಲಿ ದೊರೆಯುತ್ತದೆ.

ಅಂಟಿಸುವ ಕೆಲಸದಲ್ಲಿ ಮುಖ್ಯ ಶತ್ರು ಧೂಳು. ಶಿರಾದಂತೆ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಿನ ಊರಿನವರಿಗಂತೂ ಇದನ್ನು ಹೇಳಬೇಕಾಗಿಯೇ ಇಲ್ಲ. ಫ್ಯಾನು ನಿಲ್ಲಿಸಿ, ಗಾಜಿನ ಮೇಲಿನ ಬಣ್ಣದ ಹನಿಗಳನ್ನು ಬ್ಲೇಡಿನಿಂದ ಹೆರೆದು, ಸೋಪಿನ ನೀರಿನಿಂದ ತೊಳೆಯಬೇಕು. ಗಾಜಿಗೂ ಹಾಳೆಯ ಅಂಟಿನ ಮುಖಕ್ಕೂ ಧಾರಾಳವಾಗಿ ನೀರು ಚಿಮುಕಿಸಿ, ಹಾಳೆಯನ್ನು ಕೂರಿಸಿ, ರಬ್ಬರು ಅಂಚಿನ ಪಟ್ಟಿಯಿಂದ ನಡುವಿನಿಂದ ಅಂಚಿನ ಕಡೆಗೆ ನೀರನ್ನು ತಳ್ಳಬೇಕು. ಅಂಚಿನಲ್ಲಿ ಕೂದಲೆಳೆಯಷ್ಟು ಜಾಗ ಬಿಟ್ಟು ಕತ್ತರಿಸಿದರೆ ಹಾಳೆ ಸುರುಳಿ ಏಳದು. ಮೊದಲ ಕೆಲವು ದಿನಗಳು ಕಾಣುವ ಮಸುಕು ನೀರಾರಿದಂತೆ ಹೋಗುತ್ತದೆ. ಒಂದು ತಿಂಗಳು ಗಾಜನ್ನು ಉಜ್ಜದಿರುವುದು ಕ್ಷೇಮ. ಚುಕ್ಕೆ ಚುಕ್ಕೆಯ ಒರಟು ಗಾಜಿನ ಮೇಲೆ ಫಿಲ್ಮ್ ನಿಲ್ಲದು. ಅದಕ್ಕೆ ನುಣುಪಾದ ಮೈ ಬೇಕು.

ನೆರೆಯವರ ಪಾಲು

ನೆರೆಯವರ ಕಣ್ಣಿನ ಪ್ರಶ್ನೆ ನ್ಯಾಯಾಲಯಗಳಿಗೂ ಹೊಸತಲ್ಲ. 1882ರ ಈಸ್‌ಮೆಂಟ್ ಕಾಯ್ದೆಯ 18ನೆಯ ಕಲಮಿನಲ್ಲಿ ಇದರದೇ ಒಂದು ದೃಷ್ಟಾಂತವಿದೆ: ಒಂದು ಊರಿನಲ್ಲಿ ಅಂಥ ರೂಢಿಯಿದ್ದರೆ, ಪಕ್ಕದ ಮನೆಯ ಮರೆಗೆ ಭಂಗ ತರುವಂತೆ ಹೊಸ ಕಿಟಕಿ ತೆರೆಯಲಾಗದು. 1888ರಲ್ಲಿ ಅಲಹಾಬಾದ್ ಹೈಕೋರ್ಟು, ನೆರೆಯವನ ಹೊಸ ಕಿಟಕಿಗಳಿಂದ ಮನೆಯ ಹೆಂಗಸರ ಮರೆಗೆ ಭಂಗವಾಯಿತೆಂಬ ಮೊಕದ್ದಮೆಯಲ್ಲಿ ಇಂಥ ರೂಢಿಯ ಹಕ್ಕನ್ನು ಎತ್ತಿಹಿಡಿಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ ಆ ಹಕ್ಕು ಮುಖ್ಯವಾಗಿ ಸರ್ಕಾರದ ವಿರುದ್ಧದ್ದು. ಓಣಿಯಾಚೆಯ ಕಿಟಕಿಯನ್ನು ಅದು ತಾನಾಗಿಯೇ ಮುಚ್ಚಿಸದು. ಅಲ್ಲಿ ನಡೆಯುವುದು ನೆರೆಹೊರೆಯ ಸೌಜನ್ಯವೇ.

ಆ ಸೌಜನ್ಯ ಎರಡೂ ಕಡೆಯಿಂದ ಬರಬೇಕು. ನಮ್ಮ ಹೊಳೆಯುವ ಫಿಲ್ಮ್ ಸಂಜೆಯ ಬಿಸಿಲನ್ನು ಎದುರು ಮನೆಯ ಅಡುಗೆ ಕಟ್ಟೆಯ ಮೇಲೆ ಎಸೆಯುತ್ತಿದ್ದರೆ, ನಮ್ಮ ಮರೆ ಅವರಿಗೆ ಕಣ್ಣುರಿಯಾದಂತೆ. ಹಾಳೆ ಹಾಕಿಸುವ ಮೊದಲು ಒಂದು ಮಾತು ತಿಳಿಸಿದರೆ ಅವರೂ ತಮ್ಮ ಕಿಟಕಿಯ ಬಗ್ಗೆ ಯೋಚಿಸಿಯಾರು. ಎರಡು ಮನೆಯವರು ಕೂಡಿ ಅಂಟಿಸಿದರೆ ಕೂಲಿಯೂ ಉಳಿದೀತು.

ಮನೆಯೆಂದರೆ ಯಾರ ಕಣ್ಣಿಗೂ ಅಳುಕದೆ ಮೈಮರೆತು ಇರಬಹುದಾದ ಸ್ಥಳ. ಹೆಣ್ಣುಮಕ್ಕಳಿಗೆ ಈ ನಿರಾಳ ಎಷ್ಟು ದೊಡ್ಡದೆಂಬುದನ್ನು ಮನೆಯ ಗಂಡಸರು ಅರಿಯಬೇಕು. ಕಿಟಕಿಯ ಅಳತೆ ಹಿಡಿಯುವಾಗಲೇ ಅವರ ಮಾತನ್ನು ಕೇಳಬೇಕು. ಹೊಸ ಮನೆ ಕಟ್ಟಿಸುವ ವಾಚಕರು ನಕ್ಷೆಯ ಹಂತದಲ್ಲಿಯೇ ಎದುರು ಕಿಟಕಿಯನ್ನು ಗಮನಿಸಿದರೆ ಫಿಲ್ಮಿನ ಅಗತ್ಯವೇ ಅರ್ಧ ತಗ್ಗುವುದು. ಈಗಾಗಲೇ ಕಟ್ಟಿಸಿದವರು ಇಂದು ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೆ ಬೀದಿಗಿಳಿದು ತಮ್ಮ ಮನೆಯ ಕಡೆಗೆ ತಿರುಗಿ ನೋಡಲಿ. ಯಾವ ಕಿಟಕಿಗೆ ಏನು ಬೇಕೆಂಬುದನ್ನು ಆ ಬೆಳಕೇ ತಿಳಿಸುತ್ತದೆ.